ಕೆಂಪಾಗದ ಲೋಹವನ್ನು ಕಲಿಯಲು ಹೋದದ್ದು

ನಾನು ಇಂಗ್ಲೆಂಡಿಗೆ ಹೋಗಿಬಂದ ಕಥೆಯನ್ನು ಹೊಳೆನರಸೀಪುರದಲ್ಲಿ ಕೇಳದವರು ಕಡಿಮೆ. ಮದುವೆ ಚಪ್ಪರದಲ್ಲಿ ಹೇಳಿದ್ದೇನೆ, ಕ್ಷೌರದ ಅಂಗಡಿಯಲ್ಲಿ ಹೇಳಿದ್ದೇನೆ, ಹಾಸನದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಹಡಗು, ಹಿಮ, ಬಾಂಬಿಗೆ ಹೆದರಿ ದೀಪವಾರಿಸಿದ ಊರು, ಎಲ್ಲವೂ ಆ ಕಥೆಯಲ್ಲಿ ಬರುತ್ತವೆ. ಒಂದೇ ಒಂದು ಮಧ್ಯಾಹ್ನ ಮಾತ್ರ ಬರುವುದಿಲ್ಲ. ಜಿನನಾಥಪುರದ ಪದ್ಮರಾಜಯ್ಯನವರಿಗೆ ನಾನು ಅನ್ಯಾಯ ಮಾಡಿದ ಮಧ್ಯಾಹ್ನ ಅದು. ನನಗೀಗ ಎಂಬತ್ತು ಹತ್ತಿರವಾಯಿತು. ಕಥೆಯನ್ನು ಒಂದು ಸಲವಾದರೂ ಪೂರ್ತಿ ಹೇಳಬೇಕು. ಓದಿದ್ದು ಹೈಸ್ಕೂಲು ಮಾತ್ರ. ಬರವಣಿಗೆಯಲ್ಲಿ ತಪ್ಪು ಕಂಡರೆ ಓದುವವರು ತಿದ್ದಿಕೊಳ್ಳಲಿ.

ಹೊಳೆನರಸೀಪುರ

ನಮ್ಮ ತಂದೆಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಬೆಳಗೊಳದ ಕಡೆಯಿಂದ ಬರುವ ಹಿತ್ತಾಳೆ ಕೊಡ, ತಪ್ಪಲೆ, ಚೆಂಬುಗಳನ್ನು ಮಾರುತ್ತಿದ್ದರು. ಅದರಲ್ಲಿ ಬಹುಪಾಲು ಪದ್ಮರಾಜಯ್ಯನವರ ಮನೆಯಲ್ಲಿ ಬಡಿದ ಮಾಲು. ಅವರು ಜೈನರು, ತಲೆತಲಾಂತರದಿಂದ ಪಾತ್ರೆ ಮಾಡುವ ಬೋಗಾರರ ಮನೆತನ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ನಾನು ಅವರನ್ನು ಪದ್ಮಣ್ಣ ಎನ್ನುತ್ತಿದ್ದೆ.

ಅಲ್ಯೂಮಿನಿಯಂ ಪಾತ್ರೆ ನಮ್ಮ ಸೀಮೆಗೆ ಆಗತಾನೆ ಕಾಲಿಟ್ಟಿತ್ತು. ಅರಕಲಗೂಡಿನ ಸಂತೆಯಲ್ಲಿ ತಂದೆ ಮೊದಲ ಸಲ ಅದನ್ನು ಹರವಿದಾಗ ಒಬ್ಬಾಕೆ ತಪ್ಪಲೆಯನ್ನು ಬೆರಳಿನಲ್ಲಿ ಎತ್ತಿ ನೋಡಿ, "ಇದೇನ್ ಸಾವ್ಕಾರ್ರೇ, ಉಫ್ ಅಂದ್ರೆ ಆರೋಯ್ತದೆ. ಇದ್ರಲ್ಲಿ ಬೇಯ್ಸಿದ್ ಮುದ್ದೆ ತಿಂದ್ರೆ ಮೈಯಾಗೆ ನಿಂತದಾ?" ಎಂದಳು. ಸಂತೆಯೆಲ್ಲ ನಕ್ಕಿತು.

ಆಮೇಲೆ ಯುದ್ಧ ಬಂತು. ಹಿತ್ತಾಳೆಯೆಲ್ಲ ಬಂದೂಕಿನ ಗುಂಡು ಮಾಡಲು ಹೋಯಿತು. ಪದ್ಮಣ್ಣನ ಕುಲುಮೆ ಆರಿತು, ನಮ್ಮ ಅಂಗಡಿ ಬರಿದಾಯಿತು. ಇಬ್ಬರೂ ಬೆಂಗಳೂರಿಗೆ ಹೋಗಿ ವಿಮಾನ ದುರಸ್ತಿಯ ಒಂದು ಕಾರ್ಖಾನೆಗೆ ಸೇರಿದೆವು. ಅಲ್ಲಿ ಮುಟ್ಟಿದ್ದೆಲ್ಲ ಅಲ್ಯೂಮಿನಿಯಂ. ಕೆಲವರನ್ನು ಇಂಗ್ಲೆಂಡಿಗೆ ಕಳಿಸಿ ತಗಡಿನ ಕೆಲಸ ಕಲಿಸುತ್ತಾರೆಂದು ಸುದ್ದಿ ಬಂತು. ಪದ್ಮಣ್ಣನನ್ನು ಅವರ ಕೈಕೆಲಸ ನೋಡಿ ಆರಿಸಿದರು. ನನ್ನನ್ನು ಆರಿಸಿದ್ದು ಇಂಗ್ಲಿಷ್ ಬರುತ್ತದೆಂದು. ತಿರುಗಿ ಬಂದ ಮೇಲೆ ನಮ್ಮಿಬ್ಬರಲ್ಲಿ ಒಬ್ಬ ತಗಡನ್ನು ಅಚ್ಚಿಗೆ ಒತ್ತುವ ಹೊಸ ಪ್ರೆಸ್ ಷೆಡ್ಡಿಗೆ ಮೇಸ್ತ್ರಿಯಾಗಬೇಕು, ಇನ್ನೊಬ್ಬ ಅವನ ಕೈಕೆಳಗೆ ಇರಬೇಕು. ಯಾರೆಂಬುದನ್ನು ಅಲ್ಲಿನವರೇ ಪರೀಕ್ಷೆ ಮಾಡಿ ಬರೆದು ಕಳಿಸುತ್ತಾರೆ. ಇಷ್ಟು ಹೇಳಿ ನಮ್ಮನ್ನು ಬೊಂಬಾಯಿಯ ರೈಲು ಹತ್ತಿಸಿದರು.

ಸಮುದ್ರ

ನೀರೆಂದರೆ ನಾನು ಕಂಡದ್ದು ಹೇಮಾವತಿ. ಅದು ತುಂಬಿ ಬಂದಾಗಲೂ ಆಚೆ ದಡದ ಮರ ಕಾಣುತ್ತದೆ. ಬೊಂಬಾಯಿ ಬಿಟ್ಟ ಮಾರನೆಯ ಬೆಳಿಗ್ಗೆ ಪದ್ಮಣ್ಣ ಹಡಗಿನ ಕಟಕಟೆ ಹಿಡಿದು ನಿಂತು ನಾಲ್ಕು ದಿಕ್ಕಿಗೂ ಕಣ್ಣಾಡಿಸಿದರು. ಕೊನೆಗೆ, "ಸಿದ್ದು, ಇದಕ್ಕೆ ಅಂಚೇ ಕಟ್ಟಿಲ್ವಲ್ಲೋ" ಎಂದರು. ಪಾತ್ರೆಯವನ ಮಾತು. ಅದಕ್ಕಿಂತ ಚೆನ್ನಾಗಿ ನಾನು ಸಮುದ್ರವನ್ನು ಯಾರಿಗೂ ಹೇಳಲಾರೆ.

ಆಫ್ರಿಕದ ತುದಿ ಸುತ್ತಿ ಹೋಗಬೇಕಿತ್ತು. ಆ ಬೆಳಿಗ್ಗೆ ಕಳೆದ ಮೇಲೆ ಒಂದು ವಾರ ನಾನು ಹಾಸಿಗೆ ಬಿಟ್ಟು ಏಳಲಿಲ್ಲ; ಹೊಟ್ಟೆಯಲ್ಲಿದ್ದದ್ದೆಲ್ಲ ಅರಬ್ಬೀ ಸಮುದ್ರಕ್ಕೆ ಸಂದಾಯವಾಯಿತು. ಪದ್ಮಣ್ಣ ಗಟ್ಟಿಯಾಗಿದ್ದರು. ನನಗೆ ಗಂಜಿ ಕುಡಿಸಿ, ಉಳಿದ ಹೊತ್ತಿನಲ್ಲಿ ಹಡಗಿನ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಸುತ್ತುತ್ತಿದ್ದರು. ಯಾವ ತಗಡು ದಪ್ಪ, ಯಾವ ಮೊಳೆ ಸಡಿಲ ಎಂದು ಬಂದು ಹೇಳುವರು. ಖಲಾಸಿಗಳು ಇವರಿಗೆ ತಲೆ ಸರಿಯಿಲ್ಲವೆಂದುಕೊಂಡಿದ್ದರು. ಒಂದು ದಿನ ಅವರು ತೋರಿಸಿದ ಮೊಳೆ ನಿಜಕ್ಕೂ ಸಡಿಲವಿತ್ತು. ಆಮೇಲೆ ಎಲ್ಲರೂ ದಾರಿ ಬಿಟ್ಟರು.

ಕಾರ್ಖಾನೆ, ಮೊದಲ ದಿನ

ಬರ್ಮಿಂಗ್‌ಹ್ಯಾಮಿನ ಹತ್ತಿರದ ಒಂದು ಸಣ್ಣ ಊರು. ಕಾರ್ಖಾನೆಯ ಚಾವಣಿಗೆ ಮೇಲಿನಿಂದ ಹುಲ್ಲುಗಾವಲಿನಂತೆ ಕಾಣಲೆಂದು ಹಸಿರು ಬಣ್ಣ ಬಳಿದಿದ್ದರು. ಒಳಗೆ ಹೋದರೆ ಅರಕಲಗೂಡಿನ ಸಂತೆ ಬಯಲು ಹಿಡಿಸುವಷ್ಟು ಜಾಗ, ಅದರ ತುಂಬ ಯಂತ್ರ, ಯಂತ್ರದ ಮುಂದೆ ಹೆಂಗಸರು. ತಲೆಗೆ ವಸ್ತ್ರ ಕಟ್ಟಿಕೊಂಡು, ಹಾಡು ಹೇಳಿಕೊಂಡು, ವಿಮಾನದ ರೆಕ್ಕೆ ಕಟ್ಟುತ್ತಿದ್ದರು. ನಾವು ಬಾಗಿಲಲ್ಲೇ ನಿಂತುಬಿಟ್ಟೆವು.

ನಮ್ಮ ಗುರು ಮಿಸ್ಟರ್ ಕ್ರಾಡಕ್ ಎಂಬ ಮುದುಕ. ಎಡಗೈಯಲ್ಲಿ ಎರಡು ಬೆರಳಿಲ್ಲ. ಕೈಗೆ ತಗಡು, ಗ್ಯಾಸಿನ ಉರಿ, ಇಕ್ಕಳ ಕೊಟ್ಟು, "ನಿಮಗೆ ಗೊತ್ತಿರುವಂತೆ ಇದನ್ನು ಮೆತ್ತಗೆ ಮಾಡಿ" ಎಂದ.

ಹಿತ್ತಾಳೆಯಾಗಲಿ ತಾಮ್ರವಾಗಲಿ, ಬಡಿದು ಬಡಿದು ಗಡುಸಾದರೆ ಕುಲುಮೆಗಿಟ್ಟು ಮಂದವಾಗಿ ಕೆಂಪೇರುವವರೆಗೆ ಕಾಯಿಸುತ್ತಾರೆ. ಕೆಂಪಾಯಿತೆಂದರೆ ಮೆತ್ತಗಾಯಿತೆಂದು ಲೆಕ್ಕ. ಬೋಗಾರರ ಮನೆಯಲ್ಲಿ ಮಗುವಿಗೂ ಗೊತ್ತು. ಪದ್ಮಣ್ಣ ತಗಡನ್ನು ಉರಿಯ ಮೇಲೆ ಹಿಡಿದು ಕೆಂಪು ಕಾಯುತ್ತ ಕೂತರು. ಅದು ಬೆಳ್ಳಗೇ ಇತ್ತು.

"ಏನೋ ಇದು, ಬಣ್ಣಾನೇ ತಿರುಗ್ತಿಲ್ಲ. ಗ್ಯಾಸು ಸಾಲ್ದೇನೋ. ಇನ್ನೊಸಿ ಬಿಡು."

ಬಿಟ್ಟೆ. ಆಗಲೂ ಬೆಳ್ಳಗೇ ಇತ್ತು.

"ಇನ್ನೊಸಿ."

ಬೆಳ್ಳಗಿರುವಂತೆಯೇ ತಗಡು ನಡುವೆ ಜೋತು, ಮೊಸರು ಜಾರಿದಂತೆ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ಇಕ್ಕಳದ ಬಾಯಲ್ಲಿ ಒಂದು ಚೂರು ಉಳಿಯಿತು. ಸುತ್ತಲಿನ ಹೆಂಗಸರು ಕೈತಟ್ಟಿದರು. ಪದ್ಮಣ್ಣ ನೆಲದ ಮೇಲಿನ ಬೆಳ್ಳಿಯಂಥ ಮಡುವನ್ನು ನೋಡುತ್ತ, "ಸಾಯೋವಾಗ್ಲೂ ಮಕ ಕೆಂಪು ಮಾಡ್ಕೊಳ್ಳಲ್ವಲ್ಲೋ ಇದು" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕ್ರಾಡಕ್ ನಕ್ಕು, ಇವರು ಎಲ್ಲಿದ್ದರು ಇಷ್ಟು ದಿನ ಎಂದ.

ಆಮೇಲೆ ಅವನು ಜೇಬಿನಿಂದ ಬಟ್ಟೆ ಸಾಬೂನಿನ ತುಂಡು ತೆಗೆದ. ತಣ್ಣನೆಯ ತಗಡಿನ ಮೇಲೆ ಸಾಬೂನಿನಿಂದ ಒಂದು ಗೆರೆ ಎಳೆದು ಕಾಯಿಸಿದ. ತಗಡು ಬಣ್ಣ ಬದಲಿಸಲಿಲ್ಲ, ಗೆರೆ ಬದಲಿಸಿತು. ಮೊದಲು ಹಳದಿ, ಆಮೇಲೆ ಕಂದು. ಕಂದಾದಾಗ ಇಳಿಸಬೇಕು, ಕಪ್ಪಾಗುವವರೆಗೆ ಬಿಟ್ಟರೆ ಅತಿಯಾಯಿತು. ಸಾವಿರಾರು ವಿಮಾನ ಕಟ್ಟುವ ದೇಶದಲ್ಲಿ ತಾಪ ಅಳೆಯಲು ಬಟ್ಟೆ ಒಗೆಯುವ ಸಾಬೂನು. ಪದ್ಮಣ್ಣ ಆ ಗೆರೆಯನ್ನು ಮೂರು ಸಲ ಮಾಡಿಸಿ ನೋಡಿದರು.

ಮಿಸೆಸ್ ಪೆಲ್ ಅವರ ಮನೆ

ನಮಗೆ ಉಳಿಯಲು ಕೊಟ್ಟದ್ದು ಮಿಸೆಸ್ ಪೆಲ್ ಎಂಬ ವಿಧವೆಯ ಮನೆ. ಊಟ ಆಕೆಯದೇ. ಮೊದಲ ದಿನವೇ ಪದ್ಮಣ್ಣನ ನೇಮಗಳನ್ನು ನಾನು ಆಕೆಗೆ ಹೇಳಬೇಕಾಯಿತು. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಅದಕ್ಕೆ ಆಕೆ ತಲೆಯಾಡಿಸಿದಳು. ರೇಷನ್ನಿನಲ್ಲಿ ಮಾಂಸವೂ ಮೊಟ್ಟೆಯೂ ಹೇಗೂ ಅಪರೂಪ. ನೆಲದೊಳಗೆ ಬೆಳೆದದ್ದು ಬೇಡ ಎಂದಾಗ ಆಕೆ ಕೂತುಕೊಂಡಳು. ಆ ವರ್ಷ ಇಂಗ್ಲೆಂಡು ಬದುಕಿದ್ದೇ ಆಲೂಗಡ್ಡೆ, ಕ್ಯಾರೆಟ್ಟು, ಈರುಳ್ಳಿಯ ಮೇಲೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ ಎಂದೆ. ಆಕೆ ಕಿಟಕಿಯ ಹೊರಗೆ ನೋಡಿದಳು. ಗಂಟೆ ಐದು ದಾಟಿತ್ತಷ್ಟೇ, ಕತ್ತಲೆ ಕವಿದಿತ್ತು.

"ಹಾಗಾದರೆ ಈತ ಊಟ ಮಾಡುವುದು ಯಾವಾಗ?"

ಮಾರನೆಯ ದಿನದಿಂದ ಆಕೆ ಕೋಸು, ಬಟಾಣಿ, ಬ್ರೆಡ್ಡು, ಚೀಸಿನ ಡಬ್ಬಿ ಕಟ್ಟಿಕೊಡುತ್ತಿದ್ದಳು. ಪದ್ಮಣ್ಣ ಮೂರೂವರೆಯ ಟೀ ಬಿಡುವಿನಲ್ಲಿ ಅದನ್ನು ಉಂಡು ಮುಗಿಸುವರು. ಬೇಸಿಗೆ ಬಂದಾಗ ಕಥೆ ಉಲ್ಟಾ ಆಯಿತು. ಯುದ್ಧಕ್ಕಾಗಿ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಿದ್ದರಿಂದ ರಾತ್ರಿ ಹತ್ತಕ್ಕೂ ಬಿಸಿಲು. "ಮಿಸ್ಟರ್ ಪದ್ಮಾ, ನಿಮ್ಮ ಸೂರ್ಯ ಇನ್ನೂ ಮಲಗಿಲ್ಲ, ಇನ್ನೊಂದು ತುಂಡು ತಿನ್ನಿ" ಎಂದು ಮಿಸೆಸ್ ಪೆಲ್ ಬಲವಂತ ಮಾಡುವಳು. ನಾನೂ ಶಿವಭಕ್ತರ ಮನೆಯವನೇ. ಆದರೂ ಆಕೆ ಮಾಡಿದ ಕೇಕಿನಲ್ಲಿ ಮೊಟ್ಟೆಯ ಪುಡಿ ಇರುವುದು ಗೊತ್ತಿದ್ದೂ ತಿನ್ನುತ್ತಿದ್ದೆ. ಇದನ್ನೂ ಊರಿನಲ್ಲಿ ಹೇಳಿಲ್ಲ.

ಆ ಜನರ ಒಂದು ಅಭ್ಯಾಸ ನನಗೆ ಇಂದಿಗೂ ಬೆರಗು. ಯಾರಿಗೆ ಯಾರು ತಾಗಿದರೂ ಇಬ್ಬರೂ ತಪ್ಪಾಯಿತು ಎನ್ನುತ್ತಾರೆ. ದೀಪವಾರಿಸಿದ ಬೀದಿಯಲ್ಲಿ ಒಬ್ಬ ಮನುಷ್ಯ ಕಂಬಕ್ಕೆ ಹಾಯ್ದು, ಕಂಬಕ್ಕೆ ತಪ್ಪಾಯಿತು ಎಂದು ಟೊಪ್ಪಿ ಎತ್ತಿ ಮುಂದೆ ಹೋದದ್ದನ್ನು ನಾವು ಕಂಡೆವು. ನಮ್ಮಲ್ಲಿ ಕಂಬವನ್ನು ನೆಟ್ಟವನ ವಂಶವನ್ನೇ ಬಯ್ಯುತ್ತೇವೆ.

ಎಳೆಯುವ ಯಂತ್ರ

ಕ್ರಾಡಕ್‌ನ ಷೆಡ್ಡಿನ ಮೂಲೆಯಲ್ಲಿ ಒಂದು ಯಂತ್ರವಿತ್ತು. ತಗಡಿನ ಪಟ್ಟಿಯೊಂದರ ಎರಡು ತುದಿ ಕಚ್ಚಿ ಎಳೆಯುವುದಷ್ಟೇ ಅದರ ಕೆಲಸ. ಹರಿಯುವ ಮುಂಚೆ ಪಟ್ಟಿ ಎಷ್ಟು ಉದ್ದವಾಯಿತೆಂದು ಅಳೆಯುತ್ತಿದ್ದರು. ನನ್ನ ಬದುಕಿನಲ್ಲಿ ಕಂಡ ಅದ್ಭುತಗಳಲ್ಲಿ ಸಮುದ್ರದ ನಂತರ ನಾನು ಇದನ್ನೇ ಹೇಳುತ್ತೇನೆ.

ಮೊದಲು ತಣ್ಣನೆಯ ಪಟ್ಟಿ. ರಪ್ಪನೆ ಎಳೆದರು, ಸ್ವಲ್ಪ ಉದ್ದವಾಗಿ ಹರಿಯಿತು. ಇನ್ನೊಂದನ್ನು ಮೆಲ್ಲಗೆ ಎಳೆದರು, ಹೆಚ್ಚುಕಡಿಮೆ ಅಷ್ಟೇ. ತಣ್ಣಗಿದ್ದಾಗ ಈ ಲೋಹಕ್ಕೆ ಅವಸರ, ಸಾವಧಾನ ಎರಡೂ ಒಂದೇ. ಆಮೇಲೆ ಬಿಸಿ ಮಾಡಿದ ಪಟ್ಟಿ. ರಪ್ಪನೆ ಎಳೆದರು, ಹರಿಯಿತು. ಕೊನೆಯದನ್ನು ಬಿಸಿಯಾಗಿಯೂ ಇಟ್ಟು ಮೆಲ್ಲಗೂ ಎಳೆದರು. ಅದು ಹರಿಯಲಿಲ್ಲ. ಬಂತು, ಇನ್ನೂ ಬಂತು. ನಡುವೆ ಒಂದು ಕಡೆ ಸಣ್ಣಗಾಗಿ ತುಂಡಾಗುವ ಬದಲು ಉದ್ದಕ್ಕೂ ಸಮನಾಗಿ ತೆಳುವಾಗುತ್ತ ಬಂತು. ಲೋಹ ಹೀಗೆ ಒಪ್ಪಿಕೊಂಡು ಬರುವುದನ್ನು ನಾನು ನೋಡಿರಲಿಲ್ಲ.

ಯಾಕೆ ಹೀಗೆ ಎಂದು ಕ್ರಾಡಕ್ ವಿವರಿಸಿದ. ನನ್ನ ಇಂಗ್ಲಿಷಿಗೆ ಅರ್ಧ ಮಾತ್ರ ಎಟುಕಿತು. ಪದ್ಮಣ್ಣನಿಗೆ ನಾನು ಅನುವಾದ ಮಾಡಲು ಹೊರಟರೆ ಅವರು ಕೈ ಅಡ್ಡ ಹಿಡಿದು, "ಗೊತ್ತಾಯ್ತು ಬಿಡು. ಆಲೆಮನೆ ಬೆಲ್ಲ ಕಣೋ. ಬಿಸಿ ಪಾಕ ಮೆಲ್ಲಕೆ ಎಳುದ್ರೆ ನೂಲು. ಜಗ್ಗುದ್ರೆ ತುಂಡು. ಆರಿದ್ ಮ್ಯಾಕೆ ಎಂಗೆಳುದ್ರೂ ತುಂಡೇ" ಎಂದರು. ಇದನ್ನು ಕ್ರಾಡಕ್‌ಗೆ ಹೇಳಿದೆ. ಬೆಲ್ಲವೆಂದರೇನೆಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಎದ್ದು ಬಂದು ಪದ್ಮಣ್ಣನ ಕೈ ಕುಲುಕಿದ. ನನ್ನ ಕೈಯನ್ನಲ್ಲ.

ಅಲ್ಲಿಂದ ನನ್ನ ಹೊಟ್ಟೆಕಿಚ್ಚು ಶುರುವಾಯಿತು. ಹೈಸ್ಕೂಲು ಓದಿದವನು ನಾನು, ಪಾಠ ಬರೆದುಕೊಳ್ಳುವವನು ನಾನು, ಮೆಚ್ಚುಗೆ ಅವರಿಗೆ. ಅವರ ನಾಲಿಗೆಯಾಗಿ ಇಷ್ಟು ದೂರ ಬಂದೆನಲ್ಲ ಎನಿಸಿತು. ಪದ್ಮಣ್ಣನಿಗೆ ಇದರ ಸುಳಿವೇ ಇರಲಿಲ್ಲ. ಪ್ರೆಸ್ಸಿನ ಮುಂದೆ ನನ್ನ ಹಿಂದೆ ನಿಂತು, "ಅವಸರ ಮಾಡ್ಬ್ಯಾಡ. ಗೆರೆ ಕಂದಾಗ್ಲಿ. ಈಗ... ಈಗ ಇಳಿಸು" ಎಂದು ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ನನಗೆ ಬಂದ ಕೆಲಸವೆಲ್ಲ ಹಾಗೆ ಬಂದದ್ದು.

ಆ ಮಧ್ಯಾಹ್ನ

ಪರೀಕ್ಷೆಗೆ ಕೊಟ್ಟದ್ದು ಪೆಟ್ರೋಲ್ ಟ್ಯಾಂಕಿನ ತುದಿಗೆ ಕೂರಿಸುವ ಆಳವಾದ ಬೋಗುಣಿ. ದುಂಡನೆಯ ತಗಡನ್ನು ಕಾಯಿಸಿ, ಬಿಸಿ ಅಚ್ಚಿನ ಮೇಲಿಟ್ಟು, ಪ್ರೆಸ್ಸಿನಿಂದ ಒತ್ತಿ ಒಂದೇ ಸಲಕ್ಕೆ ಇಳಿಸಬೇಕು. ಪ್ರೆಸ್ಸು ಎಣ್ಣೆಯ ಒತ್ತಡದ್ದು. ಅದರ ಪಕ್ಕದಲ್ಲಿ ನಲ್ಲಿಯಂಥ ಒಂದು ತಿರುಪು. ತೆರೆದಷ್ಟೂ ಪ್ರೆಸ್ಸು ಬೇಗ ಇಳಿಯುತ್ತದೆ. ಪದ್ಮಣ್ಣ ಅದನ್ನು ತಮಗೆ ಬೇಕಾದಷ್ಟಕ್ಕೆ ಇಟ್ಟುಕೊಂಡು ತಗಡು ಕಾಯಿಸಲು ಹೋದರು. ಕ್ರಾಡಕ್‌ನೂ ಆಫೀಸಿನಿಂದ ಬಂದ ಒಬ್ಬ ಅಧಿಕಾರಿಯೂ ಅವರ ಕೈಯನ್ನು ನೋಡುತ್ತಿದ್ದರು. ಅಚ್ಚು ಒರೆಸುವ ಕೆಲಸ ನನ್ನದು. ತಿರುಪು ನನ್ನ ಮೊಣಕೈಯ ಹತ್ತಿರ ಇತ್ತು.

ಒಂದು ಸುತ್ತು ತಿರುಗಿಸಿದೆ.

ಕಣ್ಣಿಗೆ ಕಾಣುವಷ್ಟು ವೇಗ ಅದರಿಂದ ಬರಲಿಲ್ಲ, ತಗಡಿಗೆ ತಿಳಿಯುವಷ್ಟು ಬಂತು. ಪದ್ಮಣ್ಣ ತಗಡನ್ನು ತಂದಿಟ್ಟು, ಸಾಬೂನಿನ ಗೆರೆಯ ಮೇಲೇ ಕಣ್ಣಿಟ್ಟು ಪ್ರೆಸ್ಸು ಇಳಿಸಿದರು. ಅರ್ಧಕ್ಕೆ ಚರ್ ಎಂದಿತು. ಎತ್ತಿ ನೋಡಿದರೆ ತಳದ ಸುತ್ತ ಬಾಯಿ ಬಿಟ್ಟಿತ್ತು. ಅವರು ಅದನ್ನು ಆರಲು ಬಿಟ್ಟು, ಸೀಳಿನ ಮೇಲೆ ಬೆರಳಾಡಿಸಿದರು. ಆಮೇಲೆ ತಮಗೆ ಬರುತ್ತಿದ್ದ ಎರಡು ಮೂರು ಇಂಗ್ಲಿಷ್ ಮಾತಿನಲ್ಲಿ ತಾವೇ ಹೇಳಿದರು: ತಪ್ಪು ನನ್ನದು, ಬಿಸಿ ಹೆಚ್ಚಾಯಿತು.

ಅಷ್ಟರಲ್ಲಿ ನಾನು ಅಚ್ಚು ಒರೆಸುವ ನೆವದಲ್ಲಿ ತಿರುಪನ್ನು ಮೊದಲಿನಂತೆ ಇಟ್ಟಿದ್ದೆ.

ನನ್ನ ಸರದಿ ಬಂತು. ಅವರು ಕಿವಿಯಲ್ಲಿ ಹೇಳಿಕೊಟ್ಟದ್ದೆಲ್ಲ ಮಾಡಿದೆ. ಗೆರೆ ಕಂದಾದಾಗ ಇಳಿಸಿದೆ, ಮೆಲ್ಲಗೆ ಒತ್ತಿದೆ. ತಗಡು ಮಡಿಕೆಯಿಲ್ಲದೆ, ಸದ್ದಿಲ್ಲದೆ, ಕೆರೆಗೆ ನೀರು ಇಳಿಯುವಂತೆ ಅಚ್ಚಿಗೆ ಇಳಿಯಿತು. ಆಚೆ ತೆಗೆದಾಗ ಅದರ ಒಳಗೆ ನನ್ನ ಮುಖ ಕಾಣುತ್ತಿತ್ತು. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಮತ್ತೆ ಆಗಲಿಲ್ಲ. ಮೊದಲು ಬೆನ್ನು ತಟ್ಟಿದವರು ಪದ್ಮಣ್ಣ. "ಭೇಷ್ ಕಣೋ ಸಿದ್ದು. ನಮ್ ಸೀಮೆ ಮಾನ ಉಳಿಸ್ದೆ" ಎಂದರು.

ವಾಪಸು ಸಮುದ್ರ

ಮೇಸ್ತ್ರಿಯ ಕಾಗದ ನನ್ನ ಹೆಸರಿಗೆ ಬಂತು. ಇಬ್ಬರೂ ಒಂದೇ ಹಡಗಿನಲ್ಲಿ ಹೊರಟೆವು. ಹೋಗುವಾಗ ಹಡಗಿನ ಮೊಳೆ ತಟ್ಟುತ್ತಿದ್ದವರು ಬರುವಾಗ ಯಾವುದನ್ನೂ ತಟ್ಟಲಿಲ್ಲ. ಆ ಒಂದು ಬೋಗುಣಿಯನ್ನೇ ಮನಸ್ಸಿನಲ್ಲಿ ಕಾಯಿಸುತ್ತಿದ್ದರು.

"ಗೆರೆ ಕಂದಾಗೇ ಇತ್ತಲ್ಲೋ. ನೀನೂ ನೋಡುದ್ಯಲ್ಲ?"

"ನೋಡಿದೆ ಪದ್ಮಣ್ಣ."

"ಮತ್ತೆ ಎಂಗೆ ಅರೀತು? ಕಂದು ಅಂದ್ರೇನೇ ಜಾಸ್ತಿ ಇರ್ಬೇಕು. ಹಳದಿಗೇ ಇಳಿಸ್ಬೇಕೇನೋ."

ಒಂದೊಂದು ಬಂದರಿನಲ್ಲೂ ಮುಂದಿನ ಬಂದರಿನಲ್ಲಿ ಹೇಳೋಣ ಎಂದುಕೊಂಡೆ.

ಭಾದ್ರಪದದಲ್ಲಿ ಜೈನರಿಗೆ ಹತ್ತು ದಿನದ ಪರ್ವ. ಪದ್ಮಣ್ಣ ಹಡಗಿನಲ್ಲೂ ತಿಥಿ ಎಣಿಸಿ ಒಪ್ಪೊತ್ತಿನಲ್ಲಿದ್ದರು. ಅದು ಮುಗಿದ ಮೇಲೆ ಅವರಲ್ಲಿ ಒಂದು ಪದ್ಧತಿ: ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುತ್ತಾರೆ. ಹಿರಿಯರು ಕಿರಿಯರನ್ನೂ ಕೇಳುತ್ತಾರೆ. ಆ ಬೆಳಿಗ್ಗೆ ಅವರು ಸ್ನಾನ ಮಾಡಿ, ಮಡಿ ಪಂಚೆಯುಟ್ಟು ನನ್ನ ಮುಂದೆ ಬಂದು ಕೈ ಮುಗಿದರು.

"ಸಿದ್ದು, ಈ ವರ್ಷ ನನ್ನಿಂದ ನಿನಗೇನಾರ ನೋವಾಗಿದ್ರೆ ಮನಸ್ನಾಗೆ ಇಟ್ಕೋಬ್ಯಾಡಪ್ಪ. ಅವತ್ತು ನೀನು ಅಷ್ಟು ಚೆಂದ ಮಾಡ್ದಾಗ ನನ್ ಹೊಟ್ಟೇಲಿ ಒಂದು ಗಳಿಗೆ ಉರೀತು. ಕ್ಷಮಿಸ್ಬುಡು."

ಹಡಗಿನಲ್ಲಿದ್ದ ನೂರಾರು ಜನರಲ್ಲಿ ಇಂಥ ಮಾತು ಕೇಳುವ ಯೋಗ್ಯತೆ ಎಲ್ಲರಿಗಿಂತ ಕಡಿಮೆ ಇದ್ದವನು ನಾನು. ಪದ್ಧತಿಯಂತೆ ನಾನೂ ಕೈ ಮುಗಿಯಬೇಕು. ಮುಗಿದೆ. "ನನ್ನಿಂದಲೂ ಏನಾದರೂ ಆಗಿದ್ದರೆ ಕ್ಷಮಿಸಿ ಪದ್ಮಣ್ಣ" ಎಂದೆ. ಏನಾದರೂ ಎಂದೆ. ಏನೆಂದು ಹೇಳಲಿಲ್ಲ. ಅವರು ನಕ್ಕು, "ನಿನ್ನಿಂದ ನಂಗೇನಾದಾತು ಬಿಡೋ" ಎಂದು ಹೋದರು.

ಜಿನನಾಥಪುರ

ಬೆಂಗಳೂರಿನಲ್ಲಿ ಪದ್ಮಣ್ಣ ನನ್ನ ಕೈಕೆಳಗೆ ಒಂದು ವರ್ಷ ಇದ್ದರು. ಗೆರೆ ಹಳದಿಯಾದ ಕೂಡಲೇ ತಗಡು ಇಳಿಸುತ್ತಿದ್ದರು. ಬಿಸಿ ಸಾಲದೆ ತಗಡು ಮೆತ್ತಗಾಗದೆ ಸೀಳುತ್ತಿತ್ತು. ಸೀಳಿದಷ್ಟೂ ಬಿಸಿ ಇನ್ನೂ ಹೆಚ್ಚಾಯಿತೇನೋ ಎಂದು ಮತ್ತೂ ಬೇಗ ಇಳಿಸುವರು. ಹೊಸದಾಗಿ ಸೇರಿದ ಐದಾರು ಕೆಲಸಗಾರರಿಗೂ ಅದನ್ನೇ ಕಲಿಸಿದರು. ಮೇಸ್ತ್ರಿಯಾಗಿ ನಾನು ಅದನ್ನು ತಿದ್ದಬೇಕಿತ್ತು. ಬಾಯಿ ತೆರೆದರೆ, ಹಾಗಾದರೆ ಅವತ್ತು ಯಾಕೆ ಹರಿಯಿತು ಎಂದು ಕೇಳುತ್ತಾರೆಂಬ ಹೆದರಿಕೆ. ಕೊನೆಗೆ ಮೇಲಿನವರು ಪದ್ಮಣ್ಣನನ್ನು ಅಂಚು ಉಜ್ಜುವ ಕೆಲಸಕ್ಕೆ ಹಾಕಿದರು. ಒಂದು ದಿನ ಅವರೇ ಲೆಕ್ಕ ತೀರಿಸಿಕೊಂಡು ಊರಿಗೆ ಹೋದರು.

ಯುದ್ಧ ಮುಗಿದು ಕೆಲವು ವರ್ಷವಾದ ಮೇಲೆ, ಎಲ್ಲ ಹೇಳಿಬಿಡೋಣವೆಂದು ನಾನು ಅವರ ಊರಿಗೆ ಹೋದೆ. ಹಿರೀಸಾವೆಯಲ್ಲಿ ಬಸ್ಸು ನಿಂತಾಗ ಕಾಫಿ ಕುಡಿಯಲು ಇಳಿದು, ಹಿಂದಕ್ಕೆ ಹೋಗುವ ಬಸ್ಸನ್ನು ಬಹಳ ಹೊತ್ತು ನೋಡಿದೆ. ಕಂಡಕ್ಟರು "ಯಾವ ಕಡೆ ಸಾ, ಬತ್ತೀರೋ ಇಲ್ವೋ" ಎಂದು ಕೂಗಿದ ಮೇಲೆ ಹತ್ತಿದೆ.

ಜಿನನಾಥಪುರದ ಬಸದಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಜಗಲಿಯ ಮೇಲೆ ಪದ್ಮಣ್ಣ ಅಲ್ಯೂಮಿನಿಯಂ ತಗಡು ಬಡಿಯುತ್ತಿದ್ದರು. ಜನ ಈಗ ಕೇಳುವುದೇ ಅದನ್ನು. ಪಕ್ಕದಲ್ಲಿ ಕತ್ತಿನ ಹತ್ತಿರ ಬಿರಿದ ಚೆಂಬುಗಳ ರಾಶಿ. ಅವರ ಹೆಂಡತಿ ನೀರು ತಂದುಕೊಟ್ಟು, "ಇವ್ರು ಮಾಡಿದ್ದು ಹತ್ರಲ್ಲಿ ನಾಕು ಬಿರೀತದೆ. ಪರಸೀಮೆಗೋಗಿ ಕಲ್ತು ಬಂದು ಇಂಗಾಯ್ತು" ಎಂದರು. ಪದ್ಮಣ್ಣ ತಲೆ ಎತ್ತಲಿಲ್ಲ.

ನಾನು ನಿಂತಲ್ಲೇ ತಿರುಪಿನ ವಿಷಯ ಹೇಳಿದೆ. ಹೇಳಲು ಎಷ್ಟು ಸ್ವಲ್ಪ ಮಾತು ಸಾಕಾಯಿತೆಂದು ನನಗೇ ನಾಚಿಕೆಯಾಯಿತು.

ಅವರು ಸುತ್ತಿಗೆ ಕೆಳಗಿಟ್ಟರು. "ಎಷ್ಟು ತಿರುಗಿಸ್ದೆ?"

"ಒಂದು ಸುತ್ತು."

"ತೆರೆಯೋ ಕಡೀಕಾ?"

"ಹೂಂ."

ಅವರು ಹೆಂಡತಿಯ ಕಡೆ ತಿರುಗಿ, "ಕೇಳುದ್ಯಾ? ಬಿಸಿ ಸರಿಯಾಗೇ ಇತ್ತಂತೆ" ಎಂದರು.

ಆ ತಾಯಿ ನನ್ನನ್ನು ನೋಡಿ, "ಇದ ಹೇಳಾಕೆ ಇಷ್ಟು ವರ್ಷ ಬೇಕಾಯ್ತಾ ಸ್ವಾಮಿ ನಿಮಗೆ?" ಎಂದರು.

ಪದ್ಮಣ್ಣ ಎದ್ದು ಇದ್ದಿಲು ಊದಿದರು. ಹೊಸ ಬಿಲ್ಲೆಯೊಂದಕ್ಕೆ ಸಾಬೂನಿನ ಗೆರೆ ಎಳೆದು ಕಾಯಿಸಿದರು. ಗೆರೆ ಹಳದಿಯಾಯಿತು. ಅವರ ಇಕ್ಕಳ ಅಭ್ಯಾಸಬಲದಿಂದ ಮೇಲೆದ್ದಿತು, ನಿಂತಿತು, ಮತ್ತೆ ಉರಿಗೆ ಇಳಿಯಿತು. ಕಂದಾದ ಮೇಲೆ ತೆಗೆದರು. ಮರದ ಕೊಡತಿಯಿಂದ ಹೊಡೆಯಲಿಲ್ಲ, ಒತ್ತುತ್ತ ತಿರುಗಿಸಿದರು. ಮತ್ತೆ ಕಾಯಿಸಿದರು, ಮತ್ತೆ ಒತ್ತಿದರು. ನಾನು ಕಂಡ ಯಾವ ಕಾರ್ಖಾನೆಯೂ ಆ ಜಗಲಿಯ ಮುಂದೆ ದೊಡ್ಡದಲ್ಲ. ಚೆಂಬಿನ ಕತ್ತು ಎಲ್ಲೂ ಬಿರಿಯದೆ ಕೂಡಿಕೊಂಡು ಬಂತು. ಅವರು ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು.

"ಪದ್ಮಣ್ಣ" ಎಂದು ನಾನು ಶುರುಮಾಡಿದೆ.

"ನನ್ ವಿಚಾರ ಬುಡು. ಬೆಂಗ್ಳೂರ್ನಾಗೆ ನಾನು ಕಲಿಸ್ದೋರು ಇದ್ರಲ್ಲ, ಅವರು ಈಗ್ಲೂ ಬಿಸಿ ಸಾಲ್ದಿರೋ ತಗಡೇ ಒತ್ತಾವ್ರಾ?"

"ಒತ್ತುತ್ತಿದ್ದಾರೆ."

"ಮೊದ್ಲು ಓಗಿ ಅವ್ರಿಗೇಳು. ಯಾಕೆ ಅಂತಾನೂ ಏಳು. ಇಲ್ದಿದ್ರೆ ನಂಬಾಕಿಲ್ಲ."

ಹೋದೆ. ಐದಾರು ಜನರನ್ನೂ ಪ್ರೆಸ್ಸಿನ ಮುಂದೆ ಸೇರಿಸಿ, ಗೆರೆ ಕಂದಾಗುವವರೆಗೆ ಕಾಯಿಸಿ ಮೆಲ್ಲಗೆ ಒತ್ತಬೇಕೆಂದು ಹೇಳಿದೆ, ಮಾಡಿ ತೋರಿಸಿದೆ. ಅವರಲ್ಲಿ ಒಬ್ಬ, "ಮತ್ತೆ ಪದ್ಮರಾಜಯ್ಯನವರ ತಗಡು ಇಂಗ್ಲೆಂಡಿನಲ್ಲಿ ಯಾಕೆ ಸಾ ಹರಿದದ್ದು?" ಎಂದು ಕೇಳಿದ. "ಅವತ್ತು ಪ್ರೆಸ್ಸು ವೇಗವಾಗಿ ಇಳಿಯಿತು" ಎಂದೆ. ಅವರೆಲ್ಲ ತಲೆಯಾಡಿಸಿ ಕೆಲಸಕ್ಕೆ ಹೋದರು. ಪ್ರೆಸ್ಸನ್ನು ವೇಗ ಮಾಡಿದವರು ಯಾರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದನ್ನು ಮಾಡಿದವನು ನಾನು.